ಟೆಸ್ಟ್‌ನಲ್ಲಿ ಸರಿ ಇರುವ ಎಚ್‌ಟಿಎಂಎಲ್ ಮೇಲ್, ನಿಜವಾಗಿ ಕಳಿಸಿದಾಗ ಒಡೆಯುತ್ತಿದೆ

ಟೆಂಪ್ಲೇಟ್_ತಲೆನೋವು:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ಯಾರಾದರೂ ದಾರಿ ತೋರಿಸಿ.

ಮೇಲ್ ಟೆಂಪ್ಲೇಟ್‌ಗಳಿಗೆ ಗಲ್ಪ್‌ನಲ್ಲಿ (ಇಂಥ ಕೆಲಸಗಳನ್ನು ಸಾಲಾಗಿ ತಾನೇ ಓಡಿಸುವ ಟೂಲ್) ಒಂದು ಬಿಲ್ಡ್ ಮಾಡಿಕೊಂಡಿದ್ದೇನೆ. ಹೆಡರ್, ಫುಟರ್, ಬಟನ್ ಎಲ್ಲ ಬೇರೆ ಬೇರೆ ಫೈಲ್. ಅವನ್ನು ಜೋಡಿಸಿದ ಮೇಲೆ ಜ್ಯೂಸ್ ಅನ್ನುವ ಟೂಲ್ ಸಿಎಸ್‌ಎಸ್ ಅನ್ನು ಇನ್‌ಲೈನ್ ಮಾಡುತ್ತದೆ, ಅಂದರೆ ಸ್ಟೈಲನ್ನು ಆಯಾ ಟ್ಯಾಗ್ ಒಳಗೇ ಬರೆಯುತ್ತದೆ. ಕೊನೆಗೆ ನೋಡ್‌ಮೇಲರ್ (ಮೇಲ್ ಕಳಿಸುವ ಲೈಬ್ರರಿ) ಅದನ್ನು ನನ್ನ ಕಂಪ್ಯೂಟರ್‌ನಲ್ಲೇ ಓಡುವ ಮೇಲ್‌ಪಿಟ್ ಅನ್ನುವ ಟೆಸ್ಟ್ ಮೇಲ್ ಸರ್ವರ್‌ಗೆ (ಪೋರ್ಟ್ 1025) ಕಳಿಸುತ್ತದೆ. ಫೈಲ್ ಸೇವ್ ಮಾಡಿದರೆ ಸಾಕು, ಮೇಲ್ ಬಂದು ಕೂತಿರುತ್ತದೆ. ಇಲ್ಲಿವರೆಗೆ ಎಲ್ಲ ಚೆನ್ನಾಗಿತ್ತು.

ಕಳೆದ ವಾರ ಎಚ್‌ಟಿಎಂಎಲ್ ಮಿನಿಫೈಯರ್ (ಬೇಡದ ಸ್ಪೇಸ್, ಸಾಲು ತೆಗೆದು ಫೈಲ್ ಚಿಕ್ಕದು ಮಾಡುವ ಟೂಲ್) ಸೇರಿಸಿದೆ. ಜಿಮೇಲ್ 102 ಕೆಬಿ ದಾಟಿದ ಮೇಲನ್ನು ಅರ್ಧಕ್ಕೇ ಕತ್ತರಿಸಿಬಿಡುತ್ತದಲ್ಲ, ಆ ಭಯಕ್ಕೆ. ಮೇಲ್‌ಪಿಟ್‌ನಲ್ಲಿ ಈಗಲೂ ಎಲ್ಲ ಸರಿ. ಆದರೆ ನಿಜವಾದ ವಿಳಾಸಗಳಿಗೆ ಕಳಿಸಿದರೆ ಒಂದು ಲಿಂಕ್‌ನ ಮಧ್ಯೆ ಸ್ಪೇಸ್ ಬಂದು ಅದು ತೆರೆಯುವುದೇ ಇಲ್ಲ. ಒಂದೆರಡು ಕಡೆ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕಪ್ಪು ಡೈಮಂಡ್. ಹೆಸರು ಉದ್ದ ಇದ್ದವರಿಗೆ ಒಂದು ಕಡೆ, ಚಿಕ್ಕದಿದ್ದವರಿಗೆ ಇನ್ನೊಂದು ಕಡೆ. ಜ್ಯೂಸ್ ಮೇಲೆ ಅನುಮಾನ ಇದೆ.

ಪಿಕ್ಸೆಲ್_ಪುರಾಣ:
ಜ್ಯೂಸ್ ಸಾಮಾನ್ಯವಾಗಿ ಕೈಕೊಡುವುದು ಬೇರೆ ಕಡೆ. ಇನ್‌ಲೈನ್ ಆದ ಸ್ಟೈಲ್ ಮೀಡಿಯಾ ಕ್ವೆರಿಯನ್ನು (ಸ್ಕ್ರೀನ್ ಅಳತೆಗೆ ತಕ್ಕಂತೆ ಬದಲಾಗುವ ಸಿಎಸ್‌ಎಸ್ ರೂಲ್‌ಗಳು) ಸೋಲಿಸುತ್ತದೆ, ಹಾಗಾಗಿ ಮೀಡಿಯಾ ಕ್ವೆರಿ ಒಳಗೆ ಇಂಪಾರ್ಟೆಂಟ್ (ಈ ಸ್ಟೈಲೇ ಗೆಲ್ಲಲಿ ಅನ್ನುವ ಗುರುತು) ಹಾಕದಿದ್ದರೆ ಮೊಬೈಲ್‌ನಲ್ಲಿ ಏನೂ ಬದಲಾಗುವುದಿಲ್ಲ. ಲಿಂಕ್ ಒಡೆಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ. ಅಂದ ಹಾಗೆ, ಫೈಲ್ ಎಷ್ಟು ಕೆಬಿ ಇದೆ?

ಹಳೇ_ಸರ್ವರ್:
ಹೆಸರಿನ ಉದ್ದಕ್ಕೆ ತಕ್ಕಂತೆ ಜಾಗ ಬದಲಾಗುತ್ತದೆ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಯಾರೋ ಮೇಲನ್ನು ಅಳೆದು ಕತ್ತರಿಸುತ್ತಿದ್ದಾರೆ. ಎರಡು ವಿಷಯ ಹೇಳಿ. ನಿಜವಾದ ಮೇಲ್ ಕಳಿಸುವುದೂ ನೋಡ್‌ಮೇಲರ್ರೇನಾ? ಜಿಮೇಲ್‌ನ 'ಶೋ ಒರಿಜಿನಲ್' ತೆರೆದರೆ ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್ (ಮೇಲ್‌ನ ಬಾಡಿಯನ್ನು ಯಾವ ರೂಪದಲ್ಲಿ ಕಳಿಸಿದೆ ಅಂತ ಹೇಳುವ ಹೆಡರ್) ಎದುರಿಗೆ ಏನಿದೆ?

ಟೆಂಪ್ಲೇಟ್_ತಲೆನೋವು:
ಅಲ್ಲ ಸರ್. ಅದಕ್ಕೆ ಒಂದು ಹಳೆಯ ಸ್ಕ್ರಿಪ್ಟ್ ಇದೆ, ಸಾಕೆಟ್ ತೆರೆದು ಸರ್ವರ್ ಜೊತೆ ನೇರ ಎಸ್‌ಎಂಟಿಪಿ (ಮೇಲ್ ಕಳಿಸುವ ಪ್ರೋಟೋಕಾಲ್) ಮಾತಾಡುತ್ತದೆ. ಬರೆದವರು ಈಗ ನಮ್ಮ ಜೊತೆ ಇಲ್ಲ. ಎನ್‌ಕೋಡಿಂಗ್ '8ಬಿಟ್' ಅಂತ ಇದೆ, ಅಂದರೆ ಬೈಟ್‌ಗಳನ್ನು ಬದಲಾಯಿಸದೆ ಹಾಗೇ ಕಳಿಸುತ್ತಿದೆ.

ಹಳೇ_ಸರ್ವರ್:
ಸಿಕ್ಕಿತು. ಮೇಲ್‌ನ ಒಂದು ಸಾಲು 998 ಬೈಟ್ ದಾಟಬಾರದು. ಸಾಲಿನ ಕೊನೆಯ ಎರಡು ಗುರುತು ಸೇರಿ 1000. ಇದು ಎಸ್‌ಎಂಟಿಪಿಯ ನಿಯಮ, ಅದರ ಮಾನದಂಡವಾದ 2008ರ ಆರ್‌ಎಫ್‌ಸಿ 5321ರಲ್ಲೂ ಹಾಗೇ ಇದೆ. ನಿಮ್ಮ ಮಿನಿಫೈಯರ್ ಇಡೀ ಟೆಂಪ್ಲೇಟನ್ನು ಒಂದೇ ಸಾಲಿಗೆ ತಂದು ಕೂರಿಸಿದೆ. ದಾರಿಯಲ್ಲಿ ಸಿಕ್ಕ ಸರ್ವರ್ ಅದನ್ನು ತನಗೆ ತೋಚಿದಲ್ಲಿ ಮುರಿಯುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಹೊಸ ಸಾಲು ಮಾಡಿ ಒಂದು ಸ್ಪೇಸ್ ಹಾಕುತ್ತದೆ. ಸೆಂಡ್‌ಮೇಲ್ ಆದರೆ ಆಶ್ಚರ್ಯಸೂಚಕ ಚಿಹ್ನೆಯನ್ನೇ ಬಿಟ್ಟುಹೋಗುತ್ತದೆ. ಲಿಂಕ್ ಇರಲಿ, ಟ್ಯಾಗ್ ಇರಲಿ, ಅದಕ್ಕೆ ಲೆಕ್ಕವಿಲ್ಲ.

ಡೈಮಂಡ್ ಕಥೆಯೂ ಇದೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಕತ್ತರಿ ಆ ಮೂರರ ನಡುವೆ ಬಿದ್ದರೆ ಅಕ್ಷರ ಹೋಯಿತು.

ನೋಡ್‌ಮೇಲರ್ ತಾನೇ ಎನ್‌ಕೋಡ್ ಮಾಡಿ ಕಳಿಸುತ್ತದೆ. ಅದಕ್ಕೇ ಟೆಸ್ಟ್ ಯಾವಾಗಲೂ ಪಾಸ್. ನೀವು ಟೆಸ್ಟ್ ಮಾಡುತ್ತಿದ್ದದ್ದು ಟೆಂಪ್ಲೇಟನ್ನು ಮಾತ್ರ, ಕಳಿಸುವ ದಾರಿಯನ್ನಲ್ಲ.

ಟೆಂಪ್ಲೇಟ್_ತಲೆನೋವು:
ಅಯ್ಯೋ! ಮಿನಿಫೈಯರ್ ಆಫ್ ಮಾಡಿದೆ, ಲಿಂಕ್ ಸರಿಯಾಯಿತು. ಆದರೆ ಈಗ ಹೊಸ ತಲೆನೋವು. ಮೊಬೈಲ್‌ನಲ್ಲಿ ಎರಡು ಕಾಲಂ ಒಂದರ ಕೆಳಗೆ ಒಂದು ಬರಬೇಕಿತ್ತು, ಬರುತ್ತಿಲ್ಲ. ಇಂಪಾರ್ಟೆಂಟ್ ಹಾಕಿದ್ದೇನೆ, ಮತ್ತೆ ಮತ್ತೆ ನೋಡಿದೆ. ಡೈಮಂಡ್ ಕೂಡ ಒಂದು ಪ್ಯಾರಾದಲ್ಲಿ ಹಾಗೇ ಉಳಿದಿದೆ. ಸ್ಕ್ರಿಪ್ಟ್ ಬರೆದು ಸಾಲಿನ 'ಲೆಂತ್' ನೋಡಿದೆ, ಯಾವ ಸಾಲೂ 700 ದಾಟಿಲ್ಲ. ಇನ್ನೊಂದು ವಿಚಿತ್ರ: ಮೀಡಿಯಾ ಕ್ವೆರಿಯಲ್ಲಿ ಒಂದು ರೂಲ್ ಮಾತ್ರ ಕೆಲಸ ಮಾಡುತ್ತಿದೆ. ಅದೊಂದಕ್ಕೆ ಇಂಡೆಂಟ್ ಇದೆ, ಉಳಿದವಕ್ಕೆ ಇಲ್ಲ.

ಹಳೇ_ಸರ್ವರ್:
ಜಾವಾಸ್ಕ್ರಿಪ್ಟ್‌ನ ಲೆಂತ್ ಬೈಟ್ ಎಣಿಸುವುದಿಲ್ಲ. 333 ಕನ್ನಡ ಸಂಕೇತ ಆದರೆ 999 ಬೈಟ್, ಅಲ್ಲಿಗೆ ಮಿತಿ ದಾಟಿತು. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಸಂಕೇತ. 'ಕ್ಕಿ' ಒಂದಕ್ಕೇ 12 ಬೈಟ್. ನೋಡ್‌ನಲ್ಲಿ ಬಫರ್‌ನ 'ಬೈಟ್‌ಲೆಂತ್' ಬಳಸಿ ಎಣಿಸಿ.

ಇಂಡೆಂಟ್ ವಿಷಯ ಓದಿ ನಗು ಬಂತು, ಬೇಜಾರಾಗಬೇಡಿ. ನಾನೂ ಇದರಲ್ಲಿ ಒಂದು ರಾತ್ರಿ ಕಳೆದಿದ್ದೇನೆ. ಎಸ್‌ಎಂಟಿಪಿಯಲ್ಲಿ ಒಂದೇ ಒಂದು ಚುಕ್ಕೆ ಇರುವ ಸಾಲು ಬಂದರೆ ಮೇಲ್ ಮುಗಿಯಿತು ಅಂತ ಅರ್ಥ. ಹಾಗಾಗಿ ಚುಕ್ಕೆಯಿಂದ ಶುರುವಾಗುವ ಸಾಲಿಗೆ ಕಳಿಸುವವರು ಇನ್ನೊಂದು ಚುಕ್ಕೆ ಸೇರಿಸಬೇಕು, ಪಡೆಯುವ ಸರ್ವರ್ ಒಂದನ್ನು ತೆಗೆಯುತ್ತದೆ. ನಿಮ್ಮ ಸ್ಕ್ರಿಪ್ಟ್ ಸೇರಿಸುವುದಿಲ್ಲ, ಸರ್ವರ್ ಮಾತ್ರ ನಿಯತ್ತಾಗಿ ತೆಗೆಯುತ್ತದೆ. ಸಿಎಸ್‌ಎಸ್‌ನಲ್ಲಿ ಕ್ಲಾಸ್ ಹೆಸರು ಶುರುವಾಗುವುದೇ ಚುಕ್ಕೆಯಿಂದ. ಚುಕ್ಕೆ ಹೋದರೆ ಅದು ಟ್ಯಾಗ್ ಹೆಸರಾಗುತ್ತದೆ. ಎರರ್ ಬರುವುದಿಲ್ಲ, ಸುಮ್ನೆ ಯಾವುದಕ್ಕೂ ತಾಗುವುದಿಲ್ಲ. ಇಂಡೆಂಟ್ ಇದ್ದ ಸಾಲು ಸ್ಪೇಸ್‌ನಿಂದ ಶುರುವಾದದ್ದಕ್ಕೆ ಬಚಾವಾಯಿತು.

ಎರಡಕ್ಕೂ ಒಂದೇ ಮದ್ದು: ಬಾಡಿಯನ್ನು ಬೇಸ್64 (ಬೈಟ್‌ಗಳನ್ನು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಒಂದೆರಡು ಚಿಹ್ನೆಗಳಲ್ಲಿ ಬರೆಯುವ ವಿಧಾನ) ಮಾಡಿ, 76 ಅಕ್ಷರಕ್ಕೆ ಒಂದು ಸಾಲು ಮುರಿಯಿರಿ, ಹೆಡರ್‌ನಲ್ಲೂ ಅದನ್ನೇ ಬರೆಯಿರಿ. ಬೇಸ್64ರಲ್ಲಿ ಚುಕ್ಕೆಯೇ ಇಲ್ಲ.

ಪಿಕ್ಸೆಲ್_ಪುರಾಣ:
ಕೋಟೆಡ್-ಪ್ರಿಂಟಬಲ್ (ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಬಿಟ್ಟು ಉಳಿದ ಬೈಟ್‌ಗಳನ್ನು ಮಾತ್ರ ಕೋಡ್ ಮಾಡುವ ವಿಧಾನ) ಆಗುವುದಿಲ್ವಾ? ಮೂಲದಲ್ಲಿ ಕಣ್ಣಿಂದ ಓದಬಹುದು.

ಹಳೇ_ಸರ್ವರ್:
ಇಂಗ್ಲಿಷ್ ಮೇಲ್‌ಗೆ ಅದೇ ಒಳ್ಳೆಯದು. ಕನ್ನಡದಲ್ಲಿ ಏನು ಓದುತ್ತೀರಿ? ಮೇಲೆ ಹೇಳಿದ 'ಕ್ಕಿ' ಅದರಲ್ಲಿ 36 ಅಕ್ಷರ ಆಗುತ್ತದೆ, ಬೇಸ್64ರಲ್ಲಿ 16. ಚುಕ್ಕೆಯ ಕಾಟವೂ ಹೋಗುವುದಿಲ್ಲ.

ಟೆಂಪ್ಲೇಟ್_ತಲೆನೋವು:
ಬೇಸ್64 ಹಾಕಿದೆ. ಲಿಂಕ್, ಅಕ್ಷರ, ಕಾಲಂ ಎಲ್ಲ ಸರಿ. ಬಿಲ್ಡ್‌ನ ಕೊನೆಯಲ್ಲಿ ನೋಡ್‌ಮೇಲರ್ ತೆಗೆದು ಅದೇ ಹಳೆಯ ಸ್ಕ್ರಿಪ್ಟನ್ನು ಮೇಲ್‌ಪಿಟ್‌ಗೆ ತಿರುಗಿಸಿದ್ದೇನೆ. ಪರೀಕ್ಷೆಗೆ ಅಂತ ಬೇಸ್64 ತೆಗೆದು ನೋಡಿದೆ, ಚುಕ್ಕೆ ಅಲ್ಲೂ ಮಾಯವಾಯಿತು. ಮೊದಲೇ ಹೀಗೆ ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು. ಉದ್ದ ಸಾಲಿಗೆ ಬೇರೆ ಚೆಕ್ ಇಟ್ಟಿದ್ದೇನೆ: ಕಳಿಸುವ ಮೇಲ್‌ನ ಯಾವ ಸಾಲು 998 ಬೈಟ್ ದಾಟಿದರೂ ಬಿಲ್ಡ್ ಫೇಲ್.

ಕೆಬಿ ಎಷ್ಟು ಅಂತ ಕೇಳಿದ್ದಿರಿ, ಹೇಳಲು ಮರೆತೆ. ಮಿನಿಫೈ ಮಾಡುವ ಮುಂಚೆಯೇ 38 ಇತ್ತು. ಮಿನಿಫೈಯರ್ ತೆಗೆದುಹಾಕಿದೆ.