‘ಪಾಚಿ’ ಅಂದರೆ ಯಾವುದು? ಹುಲ್ಲುಗೆಂಡೆ ಬಿಡುವ ಮುನ್ನ ಒಂದು ಪದದ ಪ್ರಶ್ನೆ

ಗೆಳೆಯರಿಗೆಲ್ಲ ನಮಸ್ಕಾರ.

ಸಕಲೇಶಪುರದ ಕಡೆ ನಮ್ಮ ಕಾಫಿ ತೋಟದಲ್ಲೊಂದು ಕೆರೆ ಇದೆ, ಎಕರೆಗೆ ಸ್ವಲ್ಪ ಕಡಿಮೆ. ಫೆಬ್ರುವರಿ-ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಅದರ ನೀರನ್ನೇ ಸ್ಪ್ರಿಂಕ್ಲರಿನಲ್ಲಿ ಹೊಡೆಯುತ್ತೇವೆ. ಮಿಕ್ಕ ದಿನಗಳಲ್ಲಿ ಮನೆಯವರು, ನೆಂಟರು ಗಾಳ ಹಾಕಿಕೊಂಡು ಕೂರುವ ಜಾಗ. 4 ವರ್ಷದ ಹಿಂದೆ ಅದರ ತಳದಲ್ಲಿ ಬೇರುಬಿಟ್ಟ ಗಿಡ ಮೇಲಿನವರೆಗೂ ಹೆಣೆದುಕೊಂಡಿತು. ನೀರೆಳೆಯುವ ಪೈಪಿನ ತುದಿಯಲ್ಲಿರುವ ಪಂಪಿನ ಫುಟ್‌ವಾಲ್ವ್ ಕಟ್ಟಿಕೊಂಡಿತು. ಗಾಳ ಎಳೆದರೆ ಹಿಡಿ ಹಿಡಿ ಹಸಿರೇ ಬರುತ್ತಿತ್ತು. ಗೇಣುದ್ದದ 15 ಹುಲ್ಲುಗೆಂಡೆ (ನೀರಿನ ಗಿಡ ತಿನ್ನುವ ಗ್ರಾಸ್ ಕಾರ್ಪ್ ಮೀನು) ತಂದು ಬಿಟ್ಟೆವು. ಚಿಕ್ಕ ಮರಿ ಬಿಟ್ಟರೆ ಕೊರವ ಮೀನಿನ ಪಾಲಾಗುತ್ತವೆ, ಅದಕ್ಕೇ ಗೇಣುದ್ದದವು. ಎರಡನೇ ಬೇಸಿಗೆ ಹೊತ್ತಿಗೆ ನೀರು ಬಯಲಾಯಿತು.

ಇದನ್ನು ಕೇಳಿದ ಪಕ್ಕದ ಊರಿನ ಪರಿಚಯದವರೊಬ್ಬರು ಫೋನ್ ಮಾಡಿ, ‘ನಮ್ಮ ಕೆರೆ ತುಂಬ ಪಾಚಿ ಮಾರಾಯ್ರೆ, ನಾವೂ ಬಿಡಬಹುದಾ?’ ಎಂದರು. ‘ಪಾಚಿಗೆ ಅದೇ ಮದ್ದು, ಬಿಡಿ’ ಎಂದೆ. ಹೋಗಿ ನೋಡಬೇಕಿತ್ತು, ನೋಡಲಿಲ್ಲ. ಅವರು ಪಾಚಿ ಎಂದದ್ದು ಗಿಡವನ್ನಲ್ಲ, ಒಂದೆಲಗ ಅರೆದು ಕದಡಿದ ಹಾಗೆ ಹಸಿರಾಗಿದ್ದ ನೀರನ್ನು. ದಡದ ಹತ್ತಿರ ಅಷ್ಟಿಷ್ಟು ಇದ್ದ ಗಿಡವನ್ನು ಮೀನು ತಿಂದು ಮುಗಿಸಿತು. ಹುಲ್ಲುಗೆಂಡೆ ತಿಂದದ್ದರಲ್ಲಿ ಅರ್ಧದಷ್ಟು ಅರಗದೆ ನೀರಿಗೇ ಗೊಬ್ಬರವಾಗಿ ಬೀಳುತ್ತದೆ. ಆ ಗೊಬ್ಬರ ಹೀರಿಕೊಳ್ಳಲು ಗಿಡ ಉಳಿದಿರಲಿಲ್ಲ, ನೀರು ಮೊದಲಿಗಿಂತ ಹಸಿರಾಯಿತು. ನಾವಿಬ್ಬರೂ ಬಳಸಿದ್ದು ಒಂದೇ ಪದ, ಹೇಳಿದ್ದು ಎರಡು ವಸ್ತು. ನಷ್ಟ ಮಾತ್ರ ಅವರಿಗಾಯಿತು. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಾಚಿ ಎಂಬುದು ಹಸಿರು ಎಂಬ ಪದದ ಬಳಗದ್ದೇ. ತಮಿಳಿನ ‘ಪಾಸಿ’ಯೂ ಅದೇ. ನೀರಲ್ಲಿ ಹಸಿರಾಗಿ ಕಂಡದ್ದೆಲ್ಲ ಪಾಚಿ ಆದದ್ದು ಹೀಗಿರಬೇಕು. ಬಾವಿ ಮೆಟ್ಟಿಲಿನ ಮೇಲೆ ಜಾರುವುದೂ ಪಾಚಿ, ಎಳೆ ಎಳೆಯಾಗಿ ತೇಲುವುದೂ ಪಾಚಿ (ನಮ್ಮ ಮನೆಯಲ್ಲಿ ಇದಕ್ಕೆ ಕೂದಲುಪಾಚಿ ಎನ್ನುತ್ತೇವೆ), ನೀರಿನ ಬಣ್ಣವೂ ಪಾಚಿ, ತಳದ ಗಿಡವೂ ಪಾಚಿ. ಮೀನಿಗೆ ಇವೆಲ್ಲ ಒಂದೇ ಅಲ್ಲ. ಹೈಡ್ರಿಲಾದಂಥ ಮೆತ್ತನೆಯ ಮುಳುಗುಗಿಡ ಅದಕ್ಕೆ ಹಬ್ಬದೂಟ. ಬಲಿತ ಮೀನು ಕೂದಲುಪಾಚಿಯನ್ನು ಬೇರೇನೂ ಸಿಗದಾಗ ಮಾತ್ರ ಮುಟ್ಟುತ್ತದೆ. ಹಸಿರು ನೀರನ್ನು ಅದು ಸೋಸಿ ತಿನ್ನಲಾರದು, ಅದಕ್ಕಿರುವುದು ಗಂಟಲಲ್ಲಿ ಎಲೆ ಅರೆಯುವ ಹಲ್ಲು.

ಪಠ್ಯಪುಸ್ತಕದ ‘ಶೈವಲ’ದಿಂದಲೂ ಕೆಲಸ ಆಗುವುದಿಲ್ಲ. ಇಂದು ಅದಕ್ಕೆ ಕೊಡುವ ಅರ್ಥ ಬೇರುಕಾಂಡವಿಲ್ಲದ ಪಾಚಿ. ಆದರೆ ಶಾಕುಂತಲದ ಮೊದಲ ಅಂಕದಲ್ಲಿ ತಾವರೆಗೆ ಹೆಣೆದುಕೊಂಡಿರುವ ಶೈವಲ ನೀರಿನ ಬಣ್ಣವಂತೂ ಅಲ್ಲ, ನಮ್ಮ ಫುಟ್‌ವಾಲ್ವಿಗೆ ಸುತ್ತಿಕೊಂಡಂಥದ್ದೇ ಏನೋ ಇರಬೇಕು. ‘ಹಾವಸೆ’ ಎಂಬ ಒಳ್ಳೆಯ ಪದವೂ ಇದೆ. ನಮ್ಮಲ್ಲಿ ಅದನ್ನು ಹಿರಿಯರ ಬಾಯಲ್ಲಿ ಮಾತ್ರ ಕೇಳಿದ್ದೇನೆ, ನೀರಿನ ಮೇಲೆ ಹಾಸಿಕೊಳ್ಳುವುದಕ್ಕೆ. ಅಂತರಗಂಗೆಯದು ಇನ್ನೊಂದು ಗೋಜಲು. ಚಿಕ್ಕ ಎಲೆಕೋಸಿನ ಹಾಗೆ ತೇಲುವ ಗಿಡಕ್ಕೆ ಸಲ್ಲಬೇಕಾದ ಹೆಸರನ್ನು ಬಯಲುಸೀಮೆಯ ಎಷ್ಟೋ ಕಡೆ ನೇರಳೆ ಹೂವಿನ ನೀರುಕಳೆಗೂ ಹೇಳುತ್ತಾರೆ. ಹುಲ್ಲುಗೆಂಡೆ ಇವೆರಡಕ್ಕೂ, ದಡದ ಗಟ್ಟಿ ಜೊಂಡಿಗೂ ಒಲಿಯುವುದಿಲ್ಲ.

ಇನ್ನು ಮೀನಿನ ಹೆಸರು. ಇದು ಪರದೇಶದ ಮೀನು. 1959ರಲ್ಲಿ ಭಾರತಕ್ಕೆ ತಂದು ಕಟಕ್‌ನ ಸಂಶೋಧನಾ ಕೊಳಗಳಲ್ಲಿ ಸಾಕಿದರು. ಹಾಗಾಗಿ ‘ಹುಲ್ಲುಗೆಂಡೆ’ ಆಮೇಲೆ ಹುಟ್ಟಿದ ಪದವೇ ಇರಬೇಕು. ಆದರೆ ಗೆಂಡೆ ಹಳೆಯದು: ತಮಿಳಿನಲ್ಲಿ ಕೆಂಡೈ, ಮಲಯಾಳದಲ್ಲಿ ಕೆಂಡ. ತಮಿಳರು ಮೊಣಕಾಲಿನ ಕೆಳಗೆ ಹಿಂಬದಿಯ ಮಾಂಸಖಂಡಕ್ಕೆ ಕೆಂಡೈಕ್ಕಾಲ್ ಎನ್ನುತ್ತಾರೆ, ನಾವು ಮೀನಖಂಡ ಎನ್ನುತ್ತೇವೆ. ಎರಡು ಭಾಷೆಯವರಿಗೂ ಆ ಉಬ್ಬಿನಲ್ಲಿ ಮೀನೇ ಕಂಡಿದೆ! ‘ಹುಲ್ಲು’ ಹೊಸದಾಗಿ ಸೇರಿದರೂ ಸರಿಯಾಗಿಯೇ ಸೇರಿದೆ. ಹುಲ್ಲಿನೊಳಗೆ ಇರುವ ಗೆಂಡೆಯಲ್ಲ, ಹುಲ್ಲು ಮೇಯುವ ಗೆಂಡೆ. ದಡದ ಎಳೆ ಹುಲ್ಲು ಕೊಯ್ದು ಹಾಕಿದರೂ ತಿನ್ನುತ್ತದೆ.

ಈ ‘ಮೇಯು’ ನನಗೆ ಬಹಳ ಹಿಡಿಸುತ್ತದೆ. ಕರಪತ್ರಗಳಲ್ಲಿ ‘ಜೈವಿಕ ಕಳೆ ನಿಯಂತ್ರಣ’ ಎಂದಿರುತ್ತದೆ. ಓದಿದವರಿಗೆ ಔಷಧಿ ಹೊಡೆದ ಹಾಗೆ ಕಳೆ ಸಾಯುತ್ತದೆ ಅನ್ನಿಸುತ್ತದೆ. ‘ಕೆರೆ ಮೇಯಿಸುವುದು’ ಎಂದರೆ ದನ ಕಟ್ಟಿದವರಿಗೆಲ್ಲ ಥಟ್ಟನೆ ತಿಳಿಯುತ್ತದೆ: ಎಳೆಯದನ್ನು ಮೊದಲು ತಿನ್ನುತ್ತದೆ, ಒಗ್ಗದ್ದನ್ನು ಬಿಡುತ್ತದೆ, ಹೆಚ್ಚು ತಲೆ ಬಿಟ್ಟರೆ ನೆಲ ಬೋಳಾಗುತ್ತದೆ, ಸಗಣಿ ಅಲ್ಲೇ ಬೀಳುತ್ತದೆ. ಆ ಪದ ಬಳಸಿದ್ದರೆ ನನ್ನ ಪರಿಚಯದವರೂ ‘ಮೇಯಲಿಕ್ಕೆ ಇಲ್ಲೇನಿದೆ?’ ಎಂದು ಕೇಳುತ್ತಿದ್ದರೇನೋ.

ಮೀನು ‘ಬಿಡುವುದು’ ನಮ್ಮ ಮಾತು, ‘ಬಿತ್ತನೆ’ ಇಲಾಖೆಯ ಮಾತು. ಮೊದಲು ಬಿತ್ತನೆ ನನಗೆ ಕೃತಕ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ಹುಲ್ಲುಗೆಂಡೆ ಹರಿಯುವ ದೊಡ್ಡ ನದಿಯಲ್ಲಿ ಮೊಟ್ಟೆ ಇಡುವ ಮೀನು. ನಿಂತ ನೀರಲ್ಲಿ ತಾನಾಗಿ ಮರಿ ಮಾಡುವುದಿಲ್ಲ. ಪೈರಿನ ಹಾಗೆ ಮತ್ತೆ ಮತ್ತೆ ಬಿತ್ತಲೇಬೇಕು. ಮಳೆಗಾಲದಲ್ಲಿ ಕೋಡಿಗೆ ಜಾಲರಿ ಕಟ್ಟದಿದ್ದರೆ ಬಿತ್ತಿದ್ದೂ ಹಳ್ಳ ಸೇರುತ್ತದೆ. ಫ್ಲಾರಿಡಾದಲ್ಲಿರುವ ನನ್ನ ತಂಗಿಯ ಮನೆ ಹಿಂದೆಯೂ ಕೊಳವಿದೆ. ಅಲ್ಲಿ ಪರವಾನಗಿ ಪಡೆದು, ಮರಿ ಹಾಕದಂತೆ ಮಾಡಿದ ಹುಲ್ಲುಗೆಂಡೆಯನ್ನೇ ಬಿಡಬೇಕು. ಅದಕ್ಕೆ ಕನ್ನಡದಲ್ಲಿ ಏನೆನ್ನಲಿ ಎಂದಳು. ‘ಗೊಡ್ಡುಗೆಂಡೆ’ ಎಂದೆ. ಗೊಡ್ಡು ದನಕ್ಕೆ ಹೇಳುವ ಪದವನ್ನು ಮೀನಿಗೆ ತರಬಹುದೇ, ತಿಳಿದವರು ಹೇಳಿ.

ನನಗೆ ಮುಖ್ಯವಾಗಿ ಬೇಕಿರುವುದು ತಳದಲ್ಲಿ ಬೇರೂರಿ ನೀರೊಳಗೇ ಬೆಳೆಯುವ ಗಿಡಕ್ಕೆ ನಿಮ್ಮ ಊರಿನಲ್ಲಿ ಆಡುವ ಹೆಸರು. ‘ಮುಳುಗುಕಳೆ’ ಎಂದು ನಾನೇ ಬರೆದುಕೊಂಡಿದ್ದೇನೆ, ಆದರೆ ಅದು ಯಾರ ಬಾಯಲ್ಲೂ ಇಲ್ಲ. ಹಸಿರಾದ ನೀರಿಗೆ ಬೇರೆ ಪದ ಇದೆಯೇ? ಹಾವಸೆ ಎಲ್ಲಿ ಇನ್ನೂ ಬಳಕೆಯಲ್ಲಿದೆ, ಯಾವುದಕ್ಕೆ? ತುಂಗಭದ್ರೆಯ ಕಾಲುವೆ ಸೀಮೆಯವರು, ಕೋಲಾರದ ಕೆರೆ ಕಡೆಯವರು, ಮೀನು ಹಿಡಿಯುವ ಮನೆತನದವರು ದಯವಿಟ್ಟು ಬರೆಯಿರಿ. ಊರಿನ ಹೆಸರೂ ಇರಲಿ, ಗಿಡ ಹೇಗಿದೆ ಎಂಬ ಎರಡು ಸಾಲೂ ಇರಲಿ.