ಮಂಡಿನೋವಿನ ಅತ್ತೆ, ಇಬ್ಬರು ಮಕ್ಕಳು, ಕುಪ್ಪಳಿ ಕವಿಮನೆ: ಹೇಗೆ ಹೋಗೋದು?

ಕೇಳಿದ್ದು: ಶಿವಮೊಗ್ಗದಿಂದ ಒಂದು ದಿನದ ಮಟ್ಟಿಗೆ ಕುವೆಂಪು ಅವರ ಮನೆ ನೋಡಲು ಹೊರಟಿದ್ದೇವೆ. ಅತ್ತೆಗೆ ಮಂಡಿನೋವು. ಮ್ಯೂಸಿಯಂ ಅಂದರೆ ಮಕ್ಕಳು ಮೂಗು ಮುರಿಯುತ್ತಾರೆ. ಸಂಜೆ ಆಗುಂಬೆಗೂ ಹೋಗಬಹುದಾ?

ಅಮ್ಮನನ್ನು ಕರೆದುಕೊಂಡು ಹೋಗಿದ್ದವರು: ಅತ್ತೆಯವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಮನೆಯೊಳಗೆ ಅವರೇ ನಿಮಗೆ ಗೈಡ್! ಅದು ಹಳೇ ತೊಟ್ಟಿಮನೆ. ನಡುವೆ ಅಂಗಳ, ಸುತ್ತ ಜಗುಲಿ, ದಪ್ಪ ದಪ್ಪ ಮರದ ಕಂಬ. ಬೋರ್ಡ್ ಓದುತ್ತಾ ನಿಂತಿದ್ದ ನನ್ನ ಮಗಳಿಗೆ ಅಮ್ಮ ಅಡುಗೆಮನೆ ಸಾಮಾನು ಒಂದೊಂದನ್ನೂ ತೋರಿಸಿ, ಇದರಲ್ಲಿ ಏನು ಮಾಡ್ತಿದ್ರು, ಯಾರು ಮಾಡ್ತಿದ್ರು ಅಂತ ಹೇಳುತ್ತಾ ಹೋದರು. ನಾವು ಸುಮ್ನೆ ಹಿಂದೆ ಹಿಂದೆ ನಡೆದೆವು. ಉಪ್ಪರಿಗೆ ಮೆಟ್ಟಿಲು ಮಾತ್ರ ಹಳೇ ಕಾಲದ್ದು, ಕಡಿದು. ನೀವು ಮೇಲೆ ಹೋಗಿಬರುವಷ್ಟು ಹೊತ್ತು ಅವರು ಕೆಳಗೇ ಕೂತಿರಲಿ.

ಇನ್ನೊಬ್ಬರು: ಆಗುಂಬೆ ಬಿಟ್ಟುಬಿಡಿ. ಸೂರ್ಯಾಸ್ತ ನೋಡಬೇಕು ಅಂತ ಮನೆಯನ್ನು ಅರ್ಧಂಬರ್ಧ ನೋಡಿ ಓಡೋದು ಯಾಕೆ? ಹಿಂದಿನ ಗುಡ್ಡದ ಮೇಲೆ ಕವಿಶೈಲ ಇದೆಯಲ್ಲ, ಸೂರ್ಯಾಸ್ತ ಅಲ್ಲೇ ಸಿಗುತ್ತದೆ. ಕವಿಯ ಸಮಾಧಿಯೂ ಅಲ್ಲೇ. ಸುತ್ತ ನಿಲ್ಲಿಸಿರುವ ದೊಡ್ಡ ದೊಡ್ಡ ಕಲ್ಲುಗಳು ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸ. ಮಕ್ಕಳಿಗೆ ಒಂದು ಕೆಲಸ ಕೊಡಿ: ಬಂಡೆಯ ಮೇಲೆ 1936ರಲ್ಲಿ ಸಾಹಿತಿಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಜೊತೆಗೆ ಕುವೆಂಪು ಕೆತ್ತಿದ ಹೆಸರಿನ ಅಕ್ಷರಗಳಿವೆ, ಹುಡುಕಲಿ. (ನೋಡಿ ಸ್ಫೂರ್ತಿ ಬಂದು ತಮ್ಮ ಹೆಸರು ಗೀಚದ ಹಾಗೆ ನೋಡಿಕೊಳ್ಳಿ!) ಅತ್ತೆಯವರನ್ನು ಕಾರಿನಲ್ಲಿ ಗುಡ್ಡ ಹತ್ತಿಸಿ, ಉಳಿದವರು ನಡೆದುಕೊಂಡು ಹೋಗಿ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಹತ್ತಿರದಲ್ಲೇ ಇದೆ.

ತೀರ್ಥಹಳ್ಳಿ ಕಡೆಯವರು: ಮೇಲಿನವರು ಹೇಳಿದ್ದು ಸರಿ. ಆದರೆ ಮಳೆಗಾಲದಲ್ಲಾದರೆ ಸೂರ್ಯಾಸ್ತದ ಆಸೆ ಇಟ್ಟುಕೊಳ್ಳಬೇಡಿ, ಮಂಜು ಬಿಟ್ಟರೆ ಏನೂ ಕಾಣಲ್ಲ. ಇಂಬಳ (ಜಿಗಣೆ) ಕಾಟ ಬೇರೆ. ಹಾಸುಗಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಅತ್ತೆಯವರ ಕೈ ಬಿಡಬೇಡಿ. ಡಿಸೆಂಬರ್ ಒಳ್ಳೇದು, ಆದರೆ 29ನೇ ತಾರೀಖು ಕವಿಯ ಹುಟ್ಟುಹಬ್ಬ, ಜನ ಜಾಸ್ತಿ. ಬೆಳಿಗ್ಗೆ ಬೇಗ ಹೊರಟರೆ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರದ ಆನೆಗಳೂ ಸಿಗುತ್ತವೆ, ಮಕ್ಕಳ ಮೂಗು ನೆಟ್ಟಗಾಗುತ್ತದೆ. ಅಲ್ಲಿಂದ ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ಬಂದು ಊಟ ಮುಗಿಸಿಕೊಂಡೇ ಕುಪ್ಪಳಿಗೆ ಹೋಗಿ. ಬಸ್ಸಿನಲ್ಲಿ ಬರುವವರು ಕೊಪ್ಪ ಬಸ್ಸು ಹತ್ತಿ ಗಡಿಕಲ್ಲಿನಲ್ಲಿ ಇಳಿಯಬೇಕು. ಮುಂದಕ್ಕೆ ಆಟೋ ಸಿಕ್ಕರೆ ವಾಪಸ್ ಬರೋದಕ್ಕೂ ಅವರಿಗೇ ಹೇಳಿಟ್ಟುಕೊಳ್ಳಿ.