ಸಾಲ ಸೆಟ್ಲ್‌ಮೆಂಟ್ ಮಾಡಿಸಿಕೊಡುತ್ತೇವೆ ಅಂದವರಿಗೆ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡಿದ್ದೇನೆ, ಕಟ್ಟಿದ್ದು ವಾಪಸ್ ಬರುತ್ತಾ?

ಪೀಣ್ಯ ಸೆಕೆಂಡ್ ಶಿಫ್ಟ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರಾಗದೆ ಓದಿ.

ಊರು ಚನ್ನರಾಯಪಟ್ಟಣದ ಹತ್ತಿರ, ಕೆಲಸ ಪೀಣ್ಯದಲ್ಲಿ. ಅಮ್ಮನ ಆಪರೇಷನ್ ಆಯಿತು, ಅದರ ಬೆನ್ನಿಗೇ ನನಗೆ ಮೂರು ತಿಂಗಳು ಕೆಲಸ ಇರಲಿಲ್ಲ. ದೊಡ್ಡ ಕಾರ್ಡಿನಲ್ಲಿ 1,85,000, ಚಿಕ್ಕ ಕಾರ್ಡಿನಲ್ಲಿ 60,000, ಪರ್ಸನಲ್ ಲೋನ್ ಬಾಕಿ 3,40,000. ಮಿನಿಮಮ್ ಡ್ಯೂ ಕಟ್ಟಿ ಕಟ್ಟಿ ಸುಸ್ತಾಗಿದ್ದೆ. ಆಗ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಸಾಲದಲ್ಲಿ ಅರ್ಧ ಮನ್ನಾ, ರಿಕವರಿಯವರ ಕಾಟ ಇಲ್ಲ, ಲಾಯರ್ ನಿಮ್ಮ ಪರವಾಗಿ ಮಾತಾಡುತ್ತಾರೆ ಅಂತ. ನಂಬರ್ ಹಾಕಿದ ಹತ್ತು ನಿಮಿಷಕ್ಕೆ ಫೋನ್ ಬಂತು. ತುಂಬಾ ಒಳ್ಳೆಯ ಕನ್ನಡ, ತುಂಬಾ ಸಮಾಧಾನದ ಮಾತು.

ಅವರು ಹೇಳಿದ್ದು ಇಷ್ಟು. ಇಎಂಐ ನಿಲ್ಲಿಸಿ, ಆ ದುಡ್ಡನ್ನು ಬೇರೆ ಅಕೌಂಟಿನಲ್ಲಿ ಕೂಡಿಡಿ, ಬ್ಯಾಂಕಿನವರ ಫೋನ್ ಎತ್ತಬೇಡಿ. ಫೀಸು ತಿಂಗಳಿಗೆ 4,500, ಜಿಎಸ್‌ಟಿ ಸೇರಿ 5,310. ಸೆಟಲ್ ಆದಾಗ ಉಳಿಸಿದ ಮೊತ್ತದ ಮೇಲೆ 15 ಪರ್ಸೆಂಟ್ ಪ್ಲಸ್ ಜಿಎಸ್‌ಟಿ ಬೇರೆ.

ಎಂಟು ತಿಂಗಳಾಯಿತು. ದೊಡ್ಡ ಕಾರ್ಡ್ ಒಂದು ಮುಗಿದಿದೆ. ಅಷ್ಟರಲ್ಲಿ ಅದು ಬಡ್ಡಿ, ಲೇಟ್ ಫೀ ಎಲ್ಲಾ ಸೇರಿ 2,60,000 ಆಗಿತ್ತು, 1,45,000ಕ್ಕೆ ಸೆಟಲ್ ಆಯಿತು. ಭಾವನ ಹತ್ತಿರ ಕೈಸಾಲ ತಂದು ಕಟ್ಟಿದೆ. ನಿಮಗೆ 1,15,000 ಉಳಿಸಿಕೊಟ್ಟೆವು ಅಂತ ಅವರು 20,355ರ ಬಿಲ್ ಕಳಿಸಿದರು, ಅದನ್ನೂ ಕಟ್ಟಿದೆ. ಚಿಕ್ಕ ಕಾರ್ಡ್ ಬಗ್ಗೆ ಕೇಳಿದರೆ ಎಂಟು ತಿಂಗಳಿಂದ "ಪ್ರೋಸೆಸ್‌ನಲ್ಲಿದೆ ಸರ್". ಹೋದ ಬುಧವಾರ ಲೋನಿನ ಕಡೆಯಿಂದ ರಿಜಿಸ್ಟರ್ಡ್ ಪೋಸ್ಟ್ ಬಂತು, ಆಟೋ ಡೆಬಿಟ್ ಬೌನ್ಸ್ ಆಗಿದೆ, 15 ದಿನದಲ್ಲಿ ಕಟ್ಟದಿದ್ದರೆ ಕೇಸು ಅಂತ. ಇವರಿಗೆ ಕಳಿಸಿದರೆ, ಲೀಗಲ್ ನೋಟಿಸ್ ನಿಮ್ಮ ಪ್ಲ್ಯಾನಿನಲ್ಲಿ ಬರಲ್ಲ, ಅದಕ್ಕೆ ಬೇರೆ ಪ್ಯಾಕೇಜು, 9,999 ಅಂತಾರೆ!

ಇನ್ನೊಂದು ಕಡೆ ರಿಕವರಿಯವರು ಊರಿಗೇ ಹೋಗಿ, ಅಂಗಡಿ ಮುಂದೆ ನಾಲ್ಕು ಜನರ ಎದುರಿಗೆ ಅಪ್ಪನನ್ನು ಕೇಳಿದ್ದಾರೆ. ಅಪ್ಪ ಇವತ್ತಿಗೂ ನನ್ನ ಹತ್ತಿರ ಅದರ ಬಗ್ಗೆ ಮಾತಾಡಿಲ್ಲ. ಅದೇ ಜಾಸ್ತಿ ಕಷ್ಟ ಆಗುತ್ತಿರುವುದು.

ಫೀಸು ವಾಪಸ್ ಕೇಳಿದರೆ, ಅಗ್ರಿಮೆಂಟಿನಲ್ಲಿ ನಾನ್ ರಿಫಂಡಬಲ್ ಅಂತ ಇದೆ, ನೀವೇ ಓಟಿಪಿ ಕೊಟ್ಟು ಒಪ್ಪಿದ್ದೀರಿ ಅಂದರು. ಏನಾದರೂ ದಾರಿ ಇದೆಯಾ?

ಹಳೇ ಕಲೆಕ್ಷನ್:

ಒಂದು ಬ್ಯಾಂಕಿನ ಕಲೆಕ್ಷನ್‌ನಲ್ಲಿ ಆರು ವರ್ಷ ಇದ್ದೆ, ಈಗ ಬಿಟ್ಟು ತುಮಕೂರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಒಳಗಿನ ಕಥೆ ಹೇಳಬಹುದು.

ಮೊದಲು ನಿಮ್ಮ ಲೆಕ್ಕ ನೋಡಿ. ಅವರ ಹತ್ತಿರ ಹೋದ ದಿನ ಕಾರ್ಡಿನಲ್ಲಿ ಇದ್ದದ್ದು 1,85,000. ಕಟ್ಟಿದ್ದು 1,45,000. ನಿಜವಾಗಿ ಉಳಿದದ್ದು 40,000. ತಿಂಗಳ ಫೀಸು ಎಂಟು ಸಲ ಅಂದರೆ 42,480, ಮೇಲೆ 20,355, ಒಟ್ಟು 62,835. ಅಲ್ಲಿಗೆ 22,835 ಕೈಯಿಂದಲೇ ಹೋಯಿತು. ತಿಂಗಳ ಫೀಸು ಮೂರೂ ಸಾಲಕ್ಕೆ ಸೇರಿದ್ದು ಅಂತ ಅವರು ವಾದ ಮಾಡಬಹುದು, ಸರಿ, ಉಳಿದ ಎರಡಕ್ಕೆ ಏನು ಮಾಡಿದ್ದೀರಿ ತೋರಿಸಿ ಅನ್ನಿ. ಅವರ 1,15,000 ಅನ್ನುವುದು ಅವರೇ ನಿಮ್ಮ ಕೈಲಿ ಕಟ್ಟಿಸದೆ ಉಬ್ಬಿಸಿದ ಬಾಕಿಯ ಮೇಲಿನ ಲೆಕ್ಕ. ಕಾರ್ಡಿಗೆ ತಿಂಗಳಿಗೆ ಮೂರೂವರೆ, ಮೂರೂಮುಕ್ಕಾಲು ಪರ್ಸೆಂಟ್ ಬಡ್ಡಿ, ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸುಮ್ನೆ ಕೂತರೆ ಸಾಕು, ತಾನೇ ಬೆಳೆಯುತ್ತದೆ.

ಇನ್ನೊಂದು ವಿಷಯ. ಕಂತು ಕಟ್ಟದೆ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಬ್ಯಾಂಕೇ ಫೋನ್ ಮಾಡಿ ಇಷ್ಟಕ್ಕೆ ಮುಗಿಸುತ್ತೀರಾ ಅಂತ ಕೇಳುವುದುಂಟು. ನಿಮಗೂ ಬಂದಿರುತ್ತದೆ, ನೀವು ಫೋನ್ ಎತ್ತಿಲ್ಲ ಅಷ್ಟೇ. ಈ ಕಂಪನಿಗಳ ಮೇಲ್ ನಮ್ಮ ಟೇಬಲ್ಲಿಗೂ ಬರುತ್ತಿತ್ತು. ಎಲ್ಲದರಲ್ಲೂ ಒಂದೇ ಒಕ್ಕಣೆ, ಒಂದೆರಡರಲ್ಲಿ ಹಿಂದಿನ ಗಿರಾಕಿಯ ಹೆಸರು ಅಳಿಸುವುದನ್ನೂ ಮರೆತಿರುತ್ತಿದ್ದರು. ಆ ಮೇಲ್ ನೋಡಿ ನಾವು ಒಂದು ರೂಪಾಯಿ ಜಾಸ್ತಿ ಬಿಟ್ಟದ್ದು ನನಗೆ ನೆನಪಿಲ್ಲ. ಗಿರಾಕಿ ತಾನೇ ಬಂದು, ಆಸ್ಪತ್ರೆ ಬಿಲ್ಲು, ಕೆಲಸ ಹೋದ ಪತ್ರ ತೋರಿಸಿದಾಗ ಬಿಟ್ಟಿದ್ದೇವೆ.

ಒಂದು ಕೇಳುತ್ತೇನೆ, ದೊಡ್ಡ ಕಾರ್ಡಿನ ಸೆಟ್ಲ್‌ಮೆಂಟ್ ಲೆಟರ್ ಬ್ಯಾಂಕಿನ ಲೆಟರ್‌ಹೆಡ್‌ನಲ್ಲೇ ಇದೆಯಾ? ದುಡ್ಡು ಕಾರ್ಡ್ ಅಕೌಂಟಿಗೇ ಹೋಗಿದೆಯಾ? ಅದು ಸರಿ ಇದ್ದರೆ ಆ ಕಾರ್ಡಿನ ಚಿಂತೆ ಬಿಡಿ. ಆದರೆ ಸಿಬಿಲ್‌ನಲ್ಲಿ, ಅಂದರೆ ನಿಮ್ಮ ಸಾಲದ ದಾಖಲೆಯಲ್ಲಿ, ಅದು ಪೂರ್ತಿ ಕಟ್ಟಿದ "ಕ್ಲೋಸ್ಡ್" ಅಂತ ಬರಲ್ಲ, "ಸೆಟಲ್ಡ್" ಅಂತ ಬರುತ್ತದೆ. ಮುಂದೆ ಹೋಂ ಲೋನ್ ಕೇಳಲು ಹೋದಾಗ ಅದು ಕುಟುಕುತ್ತದೆ. 2023ರ ಜೂನ್‌ನಲ್ಲಿ ಆರ್‌ಬಿಐ ಹೊರಡಿಸಿದ ನಿಯಮದ ಪ್ರಕಾರ, ಹೀಗೆ ಸೆಟಲ್ ಮಾಡಿಕೊಂಡವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವ ಹಾಗಿಲ್ಲ. ನಿಮ್ಮನ್ನು ಸೇರಿಸಿಕೊಳ್ಳುವಾಗ ಅವರು ಇದನ್ನು ಹೇಳಿದ್ದರಾ?

ಖಾರಾಬಾತ್:

ಸಾಲ ತೆಗೆದುಕೊಳ್ಳುವಾಗ ಚೆನ್ನಾಗಿರುತ್ತದೆ, ಕಟ್ಟುವಾಗ ಅರ್ಧ ಮನ್ನಾ ಬೇಕು. ನಾವು ನಿಯತ್ತಾಗಿ ಇಎಂಐ ಕಟ್ಟುವವರು ಮೂರ್ಖರಾ?

ಪೀಣ್ಯ ಸೆಕೆಂಡ್ ಶಿಫ್ಟ್:

@ಖಾರಾಬಾತ್ ನೀವು ಹೇಳುವುದರಲ್ಲಿ ತಪ್ಪಿಲ್ಲ ಸರ್. ನಾಲ್ಕು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ. ಅಷ್ಟೇ ಹೇಳಬಲ್ಲೆ.

@ಹಳೇ ಕಲೆಕ್ಷನ್ ಲೆಟರ್ ಬ್ಯಾಂಕಿನದೇ, ದುಡ್ಡು ಕಾರ್ಡಿಗೇ ಹೋಗಿದೆ. ಸೆಟಲ್ಡ್, ಕ್ಲೋಸ್ಡ್ ಅಂತ ಎರಡು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಸಿಬಿಲ್ ನಾವೇ ಸರಿ ಮಾಡಿಸುತ್ತೇವೆ ಅಂದಿದ್ದರು. 22,835 ನೋಡಿ ಊಟ ಸೇರಲಿಲ್ಲ.

ಮೈಸೂರಿನ ಟೀಚರ್:

ನನ್ನ ಕಥೆಯೂ ಇದೇ, ಕಂಪನಿ ಬೇರೆ. ನಾನು ಐದು ತಿಂಗಳು ಕಟ್ಟಿ ಎಚ್ಚೆತ್ತುಕೊಂಡೆ. ದುಡ್ಡು ಪೂರ್ತಿ ಬರಲಿಲ್ಲ, ಆದರೆ ಮುಕ್ಕಾಲು ಭಾಗ ಬಂತು. ಹೇಗೆ ಅಂತ ಹೇಳುತ್ತೇನೆ.

ನಾನು ಮೊದಲು ಮಾಡಿದ ತಪ್ಪು, ಆರ್‌ಬಿಐನಲ್ಲಿ ಗ್ರಾಹಕರ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟದ್ದು. ಅದು ಬ್ಯಾಂಕು, ಫೈನಾನ್ಸ್ ಕಂಪನಿ ಹೀಗೆ ಆರ್‌ಬಿಐ ಹಿಡಿತದಲ್ಲಿರುವ ಸಂಸ್ಥೆಗಳ ಮೇಲೆ ಮಾತ್ರ ನಡೆಯುತ್ತದೆ. ಈ ಸೆಟ್ಲ್‌ಮೆಂಟಿನವರು ಸಾಲ ಕೊಡುವವರಲ್ಲ, ಆರ್‌ಬಿಐ ಹತ್ತಿರ ಲೈಸೆನ್ಸ್ ತೆಗೆದುಕೊಂಡವರೂ ಅಲ್ಲ. ಹಾಗಾಗಿ ಅವರು ಬರೀ ಸೇವೆ ಮಾರುವವರು, ನಾವು ಗ್ರಾಹಕರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಅದಕ್ಕೆ ಕಂಪನಿ ಏನೋ ಹಾರಿಕೆ ಉತ್ತರ ಕೊಟ್ಟಿತು. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸಿಲ್ಲ, ಲಾಯರ್ ಇಲ್ಲದೆಯೂ ಹೋಗಬಹುದು. ನನ್ನ ಅಗ್ರಿಮೆಂಟಿನಲ್ಲಿ ಏನೇ ತಕರಾರಿದ್ದರೂ ಹರಿಯಾಣದ ಒಂದು ಊರಿನ ಕೋರ್ಟಿಗೇ ಬರಬೇಕು ಅಂತ ಬರೆದಿದ್ದರು, ಅದನ್ನು ನೋಡಿಯೇ ನಾನು ಎರಡು ತಿಂಗಳು ಹೆದರಿ ಕೂತಿದ್ದೆ! 2019ರ ಕಾಯ್ದೆ ಪ್ರಕಾರ ನಾವು ಇರುವ ಊರಿನಲ್ಲೇ ದೂರು ಕೊಡಬಹುದು. ಆಯೋಗದ ನೋಟಿಸ್ ಹೋದ ಮೇಲೆ ಕಂಪನಿಯಿಂದಲೇ ಫೋನ್ ಬಂತು, ಮಾತಾಡಿ ಮುಗಿಸೋಣ ಮೇಡಂ ಅಂತ. ಸೆಟ್ಲ್‌ಮೆಂಟ್ ಕಂಪನಿಯವರ ಜೊತೆ ನಾನೇ ಸೆಟ್ಲ್‌ಮೆಂಟ್ ಮಾಡಿಕೊಂಡೆ ನೋಡಿ.

ವಾಟ್ಸಾಪ್ ಚಾಟ್ ಅಳಿಸಬೇಡಿ. "ಫೋನ್ ಎತ್ತಬೇಡಿ, ಇಎಂಐ ನಿಲ್ಲಿಸಿ" ಅಂತ ಅವರು ಬರೆದ ಮೆಸೇಜ್ ಇದ್ದರೆ ಅದೇ ಚಿನ್ನ. ಬರೀ ಬಾಯಲ್ಲಿ ಹೇಳಿದ್ದರೆ, ಈಗ ಒಂದು ಮೇಲ್ ಹಾಕಿ, ನೀವು ಹೀಗೆ ಹೇಳಿದ್ದಿರಿ, ನಾನು ಹೀಗೆ ಮಾಡಿದೆ, ಈಗ ಹೀಗಾಗಿದೆ ಅಂತ.

ಕಪ್ಪುಕೋಟು ಧಾರವಾಡ:

ಫೀಸಿನ ವಿಷಯ ಆಮೇಲೆ ನೋಡಿರಿ, ಮೊದಲು ಆ ನೋಟಿಸ್. ಆಟೋ ಡೆಬಿಟ್ ಬೌನ್ಸ್ ಅಂದರೆ ಪೇಮೆಂಟ್ ಅಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಇರಬೇಕು, ನೋಟಿಸಿನಲ್ಲೇ ಬರೆದಿರುತ್ತದೆ. ಚೆಕ್ ಬೌನ್ಸಿಗೆ 138ನೇ ಸೆಕ್ಷನ್ ಇದ್ದ ಹಾಗೆಯೇ ಇದು, ಎರಡು ವರ್ಷದವರೆಗೆ ಶಿಕ್ಷೆ ಇದೆ. ಹೆದರಿಸಲು ಹೇಳುತ್ತಿಲ್ಲ, ಇಂಥ ಕೇಸು ಬಹಳಷ್ಟು ರಾಜಿಯಲ್ಲೇ ಮುಗಿಯುತ್ತವೆ. ಆದರೆ ನೋಟಿಸ್ ಕೈಗೆ ಬಂದ ದಿನದಿಂದ 15 ದಿನ ಅನ್ನುವುದು ನಿಜವಾದ ಗಡುವು. ಹೋದ ಬುಧವಾರದಿಂದ ಎಣಿಸಿಕೊಳ್ಳಿರಿ. ಒಬ್ಬ ವಕೀಲರ ಕಡೆಯಿಂದ ಉತ್ತರ ಕೊಡಿಸಿರಿ, ಜೊತೆಗೇ ಲೋನ್ ಕೊಟ್ಟವರ ಹತ್ತಿರ ನೀವೇ ಮಾತಾಡಿರಿ. ವಕೀಲರಿಗೆ ಕೊಡಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದವರು. ಲೋಕ ಅದಾಲತ್‌ನಲ್ಲಿ ಕೂಡ ಬ್ಯಾಂಕಿನವರು ಬಂದು ಕೂರುತ್ತಾರೆ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ ಇದೆ.

"ನಮ್ಮ ಲಾಯರ್ ಉಳಿಸಿದ್ದರಲ್ಲಿ 15 ಪರ್ಸೆಂಟ್" ಅನ್ನುವ ಮಾತಿಗೆ ನನಗೆ ಮೈ ಉರಿಯುತ್ತದೆ. ಕೇಸಿನ ಫಲಿತಾಂಶದ ಮೇಲೆ ಪಾಲು ತೆಗೆದುಕೊಳ್ಳಲು ಬಾರ್ ಕೌನ್ಸಿಲ್ ನಿಯಮ ನಮಗೆ ಬಿಡುವುದಿಲ್ಲ, ಜಾಹೀರಾತು ಹಾಕಲಿಕ್ಕೂ ಬಿಡುವುದಿಲ್ಲ. ಆ ಲಾಯರ್ ಯಾರು, ಎನ್‌ರೋಲ್‌ಮೆಂಟ್ ನಂಬರ್ ಏನು ಅಂತ ಕೇಳಿ ನೋಡಿರಿ.

ಊರಿಗೆ ಹೋಗಿ ತಂದೆಯವರನ್ನು ಕೇಳಿದ್ದು ತಪ್ಪು. ರಿಕವರಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ, ಮನೆಯವರ ಮುಂದೆ, ನೆಂಟರ ಮುಂದೆ ಮರ್ಯಾದೆ ತೆಗೆಯುವ ಹಾಗಿಲ್ಲ, 2022ರ ಆಗಸ್ಟ್‌ನಲ್ಲೇ ಆರ್‌ಬಿಐ ಹೇಳಿದೆ. ಅದನ್ನು ಸಾಲ ಕೊಟ್ಟವರಲ್ಲಿ ದೂರು ನೋಡುವ ನೋಡಲ್ ಅಧಿಕಾರಿಗೆ ಮೇಲ್ ಮಾಡಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಓಂಬುಡ್ಸ್‌ಮನ್. ಟೀಚರ್ ಹೇಳಿದ ಹಾಗೆ ಅದು ಬ್ಯಾಂಕಿನ ಮೇಲೆ ನಡೆಯುತ್ತದೆ. ವಸೂಲಿ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ತಂದ ಮೈಕ್ರೋ ಸಾಲದ ಕಾನೂನಿದೆಯಲ್ಲ ಅಂತ ಯಾರಾದರೂ ಹೇಳಬಹುದು, ಅದು ಆರ್‌ಬಿಐ ನೋಂದಣಿ ಇರುವ ಬ್ಯಾಂಕುಗಳಿಗೆ ಅನ್ವಯಿಸುವುದಿಲ್ಲ.

ಎಡಿಸನ್ ಕನ್ನಡಿಗ:

ನ್ಯೂಜೆರ್ಸಿಯಿಂದ. ಇಲ್ಲೂ ಇದೇ ಆಟ ಇತ್ತು, ಮೊದಲೇ ಫೀಸು ವಸೂಲಿ ಮಾಡಿ ಆಮೇಲೆ ಕೈ ಎತ್ತುವುದು. 2010ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಬದಲಾಯಿಸಿತು. ಫೋನಿನಲ್ಲಿ ಈ ಸೇವೆ ಮಾರುವವರು ಕನಿಷ್ಠ ಒಂದು ಸಾಲ ಸೆಟಲ್ ಆಗಿ, ಗಿರಾಕಿ ಅದಕ್ಕೆ ಒಂದು ಕಂತಾದರೂ ಕಟ್ಟುವ ತನಕ ಒಂದು ಡಾಲರ್ ಫೀಸೂ ಕೇಳುವಂತಿಲ್ಲ. ಆದರೂ ದೂರು ನಿಂತಿಲ್ಲ ಅನ್ನಿ, ಕ್ರೆಡಿಟ್ ಸ್ಕೋರ್ ಬೀಳುವುದು, ಬಡ್ಡಿ ಬೆಳೆಯುವುದು ಇಲ್ಲೂ ಅದೇ.

ಪೀಣ್ಯ ಸೆಕೆಂಡ್ ಶಿಫ್ಟ್:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ರಜೆ ಹಾಕಿ ಓಡಾಡಿದೆ.

ಚಿಕ್ಕ ಕಾರ್ಡಿನ ಬ್ಯಾಂಕಿಗೆ ನಾನೇ ಫೋನ್ ಮಾಡಿದೆ. ಎಂಟು ತಿಂಗಳಲ್ಲಿ ಅವರಿಗೆ ನನ್ನ ಪರವಾಗಿ ಬಂದದ್ದು ಒಂದೇ ಒಂದು ಮೇಲ್ ಅಂತೆ, ಅದೂ ಮೊದಲ ತಿಂಗಳಲ್ಲಿ. ಬಡ್ಡಿ ನಿಲ್ಲಿಸಿ ಉಳಿದದ್ದನ್ನು ಕಂತು ಮಾಡಿಕೊಡುತ್ತೇವೆ ಅಂದಿದ್ದಾರೆ. ಮನ್ನಾ ಬೇಡ, ಕ್ಲೋಸ್ಡ್ ಅಂತಲೇ ಬರಲಿ ಅಂದೆ. ಲೋನಿನವರ ಆಫೀಸಿಗೆ ಅಮ್ಮನ ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಹೋದೆ. ಅಲ್ಲಿದ್ದ ಮ್ಯಾನೇಜರ್ ಮೊದಲು ಕೇಳಿದ್ದೇ, ಇಷ್ಟು ದಿನ ಫೋನ್ ಯಾಕೆ ಎತ್ತಲಿಲ್ಲ ಅಂತ. ಏನು ಹೇಳುವುದು. ಎರಡು ಕಂತು ಈಗ ಕಟ್ಟಿದರೆ ಅವಧಿ ಹೆಚ್ಚಿಸಲು ಮೇಲಿನವರಿಗೆ ಬರೆಯುತ್ತೇನೆ ಅಂದರು. ಇನ್ನೂ ಕೈಗೆ ಪತ್ರ ಬಂದಿಲ್ಲ. ನೋಟಿಸಿಗೆ ಉತ್ತರ ಪೀಣ್ಯದ ಒಬ್ಬ ವಕೀಲರು 1,500ಕ್ಕೆ ಬರೆದುಕೊಟ್ಟರು, 9,999 ಅಲ್ಲ.

1915ಕ್ಕೂ ದೂರು ಬರೆಸಿದ್ದೇನೆ. ನಿನ್ನೆ ಸೆಟ್ಲ್‌ಮೆಂಟ್ ಕಂಪನಿಯ ಅದೇ ಒಳ್ಳೆಯ ಕನ್ನಡದ ಹುಡುಗಿ ಫೋನ್ ಮಾಡಿದ್ದಳು. ಲೀಗಲ್ ಪ್ಯಾಕೇಜಿಗೆ ಇವತ್ತು ಸೇರಿದರೆ 6,999 ಸರ್, ಕೇಸು ಆಗಲ್ಲ, ಗ್ಯಾರಂಟಿ ಅಂದಳು. ಆ ಗ್ಯಾರಂಟಿಯನ್ನು ಲಾಯರ್ ಹೆಸರು, ಎನ್‌ರೋಲ್‌ಮೆಂಟ್ ನಂಬರ್ ಜೊತೆ ಮೇಲ್ ಮಾಡಮ್ಮ, ತಕ್ಷಣ ಕಟ್ಟುತ್ತೇನೆ ಅಂದೆ. ಐದು ನಿಮಿಷದಲ್ಲಿ ಬರುತ್ತೆ ಸರ್ ಅಂದಳು. ಈಗ ಇವತ್ತು ರಾತ್ರಿ ಹನ್ನೊಂದು, ಇನ್ನೂ ಬಂದಿಲ್ಲ.